ಡ್ರೈವರ್‌ಗೆ ವಯಸ್ಸಾಯಿತೇ?

ಗಾಲ್ಫ್ ಚೀಲದಲ್ಲಿ ನಿಯಮದ ಪ್ರಕಾರ ಇಟ್ಟುಕೊಳ್ಳಬಹುದಾದ 14 ಕ್ಲಬ್‌ಗಳ, ಅಂದರೆ ಕೋಲುಗಳ, ಪೈಕಿ ಮುಪ್ಪಿನ ಆಪಾದನೆಯನ್ನು ಮೊದಲು ಹೊರುವುದು ಚೆಂಡನ್ನು ಬಲು ದೂರ ಹೊಡೆಯುವ ದೊಡ್ಡ ತಲೆಯ ಕೋಲಾದ ಡ್ರೈವರ್. ಚೆಂಡನ್ನು ಗುಳಿಗೆ ಉರುಳಿಸುವ ಪಟರ್ ಹಳೆಯದಾದಷ್ಟೂ ಅದರ ಮರ್ಯಾದೆ ಹೆಚ್ಚುತ್ತದೆ. ಅಪ್ಪನ ಕಾಲದ ಪಟರ್ ಎಂದು ಹೇಳಿಕೊಳ್ಳುವವರ ಮುಖದ ಕಳೆಯೇ ಬೇರೆ. ಹತ್ತಿರದ ಹೊಡೆತಗಳಿಗೆ ಬಳಸುವ ವೆಜ್ ಸವೆದರೆ, ಪಾಪ, ದುಡಿದು ಸವೆದಿದೆ ಎನ್ನುತ್ತೇವೆ. ಡ್ರೈವರ್ ಮಾತ್ರ ಚೆಂಡು ಬಲಗಡೆಯ ಮರಗಳೊಳಗೆ ನುಗ್ಗಿದ ಕ್ಷಣದಲ್ಲೇ ಮುದಿಯಾಗಿಬಿಡುತ್ತದೆ. ಹಿಂದಿನ ಹೋಲ್‌ನಲ್ಲಿ ಅದೇ ಕೋಲಿನಿಂದ ಚೆಂಡು ಹುಲ್ಲು ಕತ್ತರಿಸಿದ ಹಾದಿಯಾದ ಫೇರ್‌ವೇ ನಟ್ಟನಡುವೆ ಬಿದ್ದಿದ್ದರೆ ಅದು ಆಗಲೇ ಆಟಗಾರನ ಖಾತೆಗೆ ಜಮಾ ಆಗಿರುತ್ತದೆ. ಖರ್ಚಿನ ಬಾಬತ್ತೆಲ್ಲ ಡ್ರೈವರ್ ಹೆಸರಿಗೆ.

ನನ್ನ ಡ್ರೈವರ್ ಇಂಥ ಆಪಾದನೆಗಳನ್ನು ಹಲವು ವರ್ಷಗಳಿಂದ ತುಟಿಪಿಟಕ್ಕೆನ್ನದೆ ಸಹಿಸಿಕೊಂಡು ಬಂದಿದೆ. ಅದರ ಕಪ್ಪು ನೆತ್ತಿಯ ಮುಂಭಾಗದಲ್ಲಿ ಬಿಳಿಯ ಉಜ್ಜುಗಾಯಗಳಿವೆ. ಹೆಡ್, ಅಂದರೆ ಕೋಲಿನ ತಲೆ, ಚೆಂಡಿನ ಅಡಿಗೆ ನುಸುಳಿ ಅದನ್ನು ನೆಟ್ಟಗೆ ಆಕಾಶಕ್ಕೆ ಎಸೆದ ಸಂದರ್ಭಗಳ ಗುರುತುಗಳವು. ಅಂಥ ಹೊಡೆತಗಳಲ್ಲಿ ಚೆಂಡನ್ನು ಕೂರಿಸುವ ಮರದ ಟೀ ಚೆಂಡಿಗಿಂತ ಮುಂದೆ ಹೋಗಿ ಬಿದ್ದದ್ದೂ ಉಂಟು. ಹಾಗಾದಾಗಲೆಲ್ಲ ನನ್ನ ಜೊತೆ ಆಡುವ ಹಿರಿಯರೊಬ್ಬರು, "ಇವತ್ತು ನಿನ್ನ ಟೀ ಚೆನ್ನಾಗಿ ಹೋಗ್ತಾ ಇದೆ ಕಣಯ್ಯಾ" ಎಂದು ಬೆನ್ನು ತಟ್ಟುತ್ತಾರೆ. ಕುಣಿಯಲಾರದವರಿಗೆ ನೆಲ ಡೊಂಕು ಎಂಬ ಗಾದೆಯೂ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಗಾಲ್ಫ್ ಮೈದಾನದ ನೆಲ ನಿಜಕ್ಕೂ ಡೊಂಕೇ ಅಲ್ಲವೇ ಎಂದು ನಾನು ವಾದ ಹೂಡಿದ್ದೇನೆ. ಆದರೆ ಅಷ್ಟು ದೊಡ್ಡ ಮೈದಾನದಲ್ಲಿ ಡ್ರೈವರ್ ಬೀಸುವ ಟೀ ಕಟ್ಟೆಯೊಂದನ್ನು ಮಾತ್ರ ಸಾಕಷ್ಟು ಮುತುವರ್ಜಿಯಿಂದ ಮಟ್ಟ ಮಾಡಿರುತ್ತಾರೆಂಬುದು ಆ ವಾದಕ್ಕೆ ಬಿದ್ದ ದೊಡ್ಡ ಏಟು.

ಹಳೆಯ ಡ್ರೈವರನ್ನು ಬದಲಾಯಿಸಲು ಯಾರೂ ತಕರಾರು ಮಾಡಲಾಗದ ಕಾರಣ ಒಂದೇ: ಚೆಂಡಿಗೆ ತಾಗುವ ಅದರ ಮುಖ ಬಿರಿಯುವುದು. ಟೈಟಾನಿಯಂ ತಗಡು ಸಾವಿರಾರು ಪೆಟ್ಟುಗಳಿಗೆ ಬಾಗಿ ಬಾಗಿ ಒಂದು ದಿನ ದಣಿಯುತ್ತದೆ. ಕೂದಲೆಳೆಯಂಥ ಸೀಳು ಕಾಣಿಸಿಕೊಳ್ಳುತ್ತದೆ, ಟಣ್ಣೆನ್ನುತ್ತಿದ್ದ ಸದ್ದು ಮಂದವಾಗುತ್ತದೆ, ಚೆನ್ನಾಗಿ ಹೊಡೆದರೂ ಚೆಂಡು ಸೊರಗಿದಂತೆ ಹೋಗಿ ಬೀಳುತ್ತದೆ. ಈ ಲಕ್ಷಣಗಳನ್ನು ತಿಳಿದುಕೊಂಡ ಮೇಲೆ ನಾನು ಪ್ರತಿ ಆಟದ ಕೊನೆಗೆ ಡ್ರೈವರ್‌ನ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಉಗುರಿನಿಂದ ಅಂಚನ್ನು ಸವರಿ ಪರೀಕ್ಷಿಸುವುದನ್ನು ರೂಢಿಸಿಕೊಂಡೆ. ತನ್ನ ಸ್ವತ್ತಿನಲ್ಲಿ ಬಿರುಕು ಕಾಣಲಿ ಎಂದು ಹಾರೈಸುವ ಜನ ಗಾಲ್ಫ್ ಬಿಟ್ಟರೆ ಬೇರೆಲ್ಲಿಯೂ ಸಿಗಲಾರರು. ಒಂದು ಸಂಜೆ ಕೋಲು ತಲೆಗೆ ಸೇರುವ ಹೀಲ್ ಬದಿಯಲ್ಲಿ, ಮುಖವೂ ನೆತ್ತಿಯೂ ಕೂಡುವ ಜಾಗದಲ್ಲಿ, ಕಪ್ಪು ಗೆರೆಯೊಂದು ಸ್ಪಷ್ಟವಾಗಿ ಕಾಣಿಸಿತು. ಹಿರಿಯರಿಗೆ ತೋರಿಸಿದೆ, ಅವರು ಕನ್ನಡಕ ಮೇಲೇರಿಸಿ, ಹೆಡ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿ, ತಮ್ಮ ಒದ್ದೆ ಟವೆಲ್ಲಿನಿಂದ ಒಮ್ಮೆ ಒರೆಸಿದರು. ಬಿರುಕು ಟವೆಲ್ಲಿಗೆ ಅಂಟಿಕೊಂಡು ಬಂತು. ಹೆಡ್‌ಕವರಿನ ಒಂದೆಳೆ ನೂಲು. "ಅಭಿನಂದನೆಗಳು" ಎಂದು ಅವರು ಡ್ರೈವರನ್ನು ನನ್ನ ಕೈಗೆ ಮರಳಿಸಿದ ರೀತಿಯಲ್ಲಿ ಸ್ವಲ್ಪವೂ ಅಭಿನಂದನೆ ಇರಲಿಲ್ಲ.

ಆಮೇಲೆ ಕೆಲಕಾಲ ಹೆಡ್ಡಿನೊಳಗೆ ಏನೋ ಗಿಲಗಿಲ ಅನ್ನತೊಡಗಿತು. ಕ್ಲಬ್ಬನ್ನು ಹಿಂದಕ್ಕೆ ಎತ್ತಿದಾಗ ಒಂದು ಸದ್ದು, ಕೆಳಗಿಳಿಸುವಾಗ ಇನ್ನೊಂದು ಸದ್ದು. ಒಳಗಿನ ಅಂಟಿನ ಚೂರೊಂದು ಬಿಡಿಸಿಕೊಂಡು ತಿರುಗುತ್ತಿರುತ್ತದೆ, ಅದಕ್ಕೂ ಚೆಂಡಿನ ದಾರಿಗೂ ಸಂಬಂಧವಿಲ್ಲ ಎಂದು ರಿಪೇರಿ ಮಾಡುವವರು ಹೇಳಿ ಆ ಆಸೆಗೂ ಎಳ್ಳುನೀರು ಬಿಟ್ಟರು.

ಡ್ರೈವರ್ ಮುಖ ಬಿರಿಯುವ ಮುನ್ನ ಇನ್ನೊಂದು ವಿಚಿತ್ರವನ್ನು ಮಾಡಬಲ್ಲದು. ಪೆಟ್ಟು ತಿಂದು ತಿಂದು ಅದರ ಪುಟಿತ ಕಡಿಮೆಯಾಗುತ್ತದೆಂದು ನಾವೆಲ್ಲ ಭಾವಿಸಿದ್ದರೆ, ಎಷ್ಟೋ ಸಲ ಅದು ಹೆಚ್ಚುತ್ತದೆ. ಇದನ್ನು ಅಳೆಯಲು ಲೋಲಕದ ತುದಿಗೆ ಕಟ್ಟಿದ ಲೋಹದ ಗುಂಡನ್ನು ಮುಖಕ್ಕೆ ತಾಗಿಸಿ, ಎರಡೂ ಎಷ್ಟು ಹೊತ್ತು ಅಂಟಿಕೊಂಡಿದ್ದವು ಎಂದು ನೋಡುತ್ತಾರೆ. ರಿಯಾಯಿತಿಯೂ ಸೇರಿ ಅದು 257 ಮೈಕ್ರೋಸೆಕೆಂಡ್ ಮೀರುವಂತಿಲ್ಲ. 2019ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಕ್ಸಾಂಡರ್ ಶಾಫ್ಲಿ ಅವರ ಡ್ರೈವರ್ ಈ ಪರೀಕ್ಷೆಯಲ್ಲಿ ಮಿತಿ ಮೀರಿ ಅನರ್ಹವಾಯಿತು. 2025ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ರೋರಿ ಮೆಕಿಲ್‌ರಾಯ್ ಅವರದೂ ಸ್ಕಾಟಿ ಶೆಫ್ಲರ್ ಅವರದೂ ಹೀಗೆಯೇ ಹೊರಬಿದ್ದವು. ಶೆಫ್ಲರ್ ಬದಲಿ ಡ್ರೈವರ್ ಹಿಡಿದುಕೊಂಡು ಹೋಗಿ ಆ ಪಂದ್ಯಾವಳಿಯನ್ನೇ ಗೆದ್ದರು. ಇದನ್ನು ಓದಿದ ದಿನ ನನ್ನ ಡ್ರೈವರ್ ಮೇಲೆ ನನಗೆ ಹೊಸ ಗೌರವ ಹುಟ್ಟಿತು. ಅದೂ ಯಾರಿಗೂ ಹೇಳದೆ ಕಾನೂನಿನ ಗೆರೆ ದಾಟಿ ಅತಿವೇಗದ್ದಾಗಿರಬಹುದು, ಅದನ್ನು ಇಟ್ಟುಕೊಳ್ಳುವುದು ಅಪ್ರಾಮಾಣಿಕತೆ ಎಂಬ ನೈತಿಕ ಪ್ರಶ್ನೆಯನ್ನು ಹಿರಿಯರ ಮುಂದಿಟ್ಟೆ. ಅವರು ನನ್ನ ಚೆಂಡು ಬಿದ್ದ ಜಾಗವನ್ನು ಟೀಯಿಂದಲೇ ಬರಿಗಣ್ಣಿನಲ್ಲಿ ನೋಡಿ, ಪರೀಕ್ಷೆಯ ಅಗತ್ಯ ಕಾಣುವುದಿಲ್ಲ ಎಂದರು.

ನಿಜವಾಗಿಯೂ ಹಳೆಯ ಡ್ರೈವರ್ ಇಟ್ಟುಕೊಂಡವರಿಗೆ ಇಷ್ಟೆಲ್ಲ ತಲೆಬಿಸಿ ಬೇಡ. ಒಂದು ಕಾಲದಲ್ಲಿ ಡ್ರೈವರ್‌ನ ತಲೆ ಪರ್ಸಿಮನ್ ಮರದ್ದಾಗಿತ್ತು. 1979ರಲ್ಲಿ ಟೇಲರ್‌ಮೇಡ್ ಉಕ್ಕಿನ ತಲೆಯನ್ನು ತಂದಿತು. 1991ರಲ್ಲಿ ಕ್ಯಾಲವೇ ಸಂಸ್ಥೆಯ ಬಿಗ್ ಬರ್ಥಾ ಬಂದಾಗ ಅದರ 190 ಘನ ಸೆಂಟಿಮೀಟರಿನ ಗಾತ್ರಕ್ಕೆ ಬೆರಗಾಗಿ ಅದಕ್ಕೆ ಫಿರಂಗಿಯ ಹೆಸರು ಒಪ್ಪುತ್ತದೆ ಎಂದುಕೊಂಡವರು, ಈಗ ಅದನ್ನು ಇಂದಿನ ಡ್ರೈವರ್‌ಗಳ ಪಕ್ಕದಲ್ಲಿಟ್ಟರೆ ಮರಿ ಎಂದಾರು. ಟೈಟಾನಿಯಂ ಬಂದ ಮೇಲೆ ತಲೆ ಬೆಳೆಯುತ್ತಲೇ ಹೋಗಿ, 2004ರಲ್ಲಿ 460ಕ್ಕೆ ನಿಲ್ಲಬೇಕೆಂದು ನಿಯಮವೇ ಬಂತು. ಆ ಹಿಂದಿನ ಕಾಲದ ಕೋಲು ಹಿಡಿದು ಆಡುವವರು ಹೊಸದನ್ನು ಕೊಂಡರೆ ವ್ಯತ್ಯಾಸ ಮೊದಲ ಹೊಡೆತಕ್ಕೇ ತಿಳಿಯುತ್ತದೆ. ಅವರು ಬದಲಾಯಿಸದಿರುವುದು ಪ್ರೀತಿಯಿಂದ. ಪ್ರೀತಿಗೆ ಅಂಕಿ ಅಂಶ ತೋರಿಸಬಾರದು.

ಕಷ್ಟವಿರುವುದು ನನ್ನಂಥವರಿಗೆ. ನಮ್ಮ ಡ್ರೈವರ್ ತೀರ ಹಳೆಯದಲ್ಲ, ಹೊಸದೂ ಅಲ್ಲ. ಗಾತ್ರ ಆಗಲೇ 460 ಮುಟ್ಟಿದೆ. ಮುಖದ ಪುಟಿತವೂ ಮಿತಿಯ ಹತ್ತಿರವೇ ಇದೆ. ಚೆಂಡು ಮುಖವನ್ನು ಸಮೀಪಿಸಿದ ವೇಗದ ಶೇ. 83ಕ್ಕಿಂತ ಹೆಚ್ಚಿನ ವೇಗದಲ್ಲಿ ದೂರ ಸರಿಯಬಾರದೆಂಬ ಛಾವಣಿಯನ್ನು ಕಟ್ಟಿಟ್ಟು ಎರಡು ದಶಕಗಳೇ ಕಳೆದಿವೆ. ಆದರೂ ಪ್ರತಿ ವರ್ಷದ ಹೊಸ ಮಾದರಿಯೂ ಹಿಂದಿನದಕ್ಕಿಂತ ಕೆಲವು ಗಜ ಹೆಚ್ಚು ದೂರ ಹೊಡೆಯುತ್ತದೆಂದು ಜಾಹೀರಾತು ಬರುತ್ತದೆ. ಆ ಗಜಗಳನ್ನೆಲ್ಲ ಕೂಡಿಸುತ್ತ ಹೋದರೆ ನಾನು ಇಷ್ಟು ಹೊತ್ತಿಗೆ ಎರಡನೆಯ ಹೊಡೆತವನ್ನು ಗುಳಿಯಿರುವ ಗ್ರೀನ್‌ನ ಆಚೆಯಿಂದ ಹಿಂದಕ್ಕೆ ಹೊಡೆಯಬೇಕಾಗಿತ್ತು. ಹೊಸ ಡ್ರೈವರ್‌ಗಳು ನಿಜಕ್ಕೂ ಸುಧಾರಿಸಿರುವುದು ನಡುಮುಖಕ್ಕೆ ಬೀಳದ ಹೊಡೆತಗಳ ವಿಷಯದಲ್ಲಿ: ಚೆಂಡು ತಲೆಯ ಹೊರತುದಿಯಾದ ಟೋ ಕಡೆಗೋ ಹೀಲ್ ಕಡೆಗೋ ತಗುಲಿದರೂ ಹೆಡ್ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ತಿರುಚಿಕೆಗೆ ತೋರುವ ಈ ಪ್ರತಿರೋಧಕ್ಕೂ 5900 ಗ್ರಾಂ-ಚದರ ಸೆಂಟಿಮೀಟರಿನ ಮಿತಿಯುಂಟು. ಹಾಗಿದ್ದರೂ ಜಾಹೀರಾತಿನಲ್ಲಿ ಹತ್ತು ಸಾವಿರ ಎಂದು ದೊಡ್ಡಕ್ಷರದಲ್ಲಿ ಕಂಡರೆ ಗಾಬರಿಯಾಗಬೇಕಿಲ್ಲ. ಅಡ್ಡ ತಿರುಚಿಕೆಯ ಅಂಕಿಗೆ ಮೇಲೆ-ಕೆಳಗಿನ ತಿರುಚಿಕೆಯ ಅಂಕಿಯನ್ನೂ ಸೇರಿಸಿರುತ್ತಾರೆ. ಒಬ್ಬನ ಎತ್ತರಕ್ಕೆ ಸೊಂಟದ ಸುತ್ತಳತೆಯನ್ನು ಕೂಡಿಸಿ ಭಾರಿ ಆಳು ಎಂದಂತೆ.

ಹಾಗಾದರೆ ನನ್ನ ಹೊಡೆತ ಮುಖದ ಎಲ್ಲಿ ಬೀಳುತ್ತಿದೆ ಎಂಬುದೇ ಪ್ರಶ್ನೆಯಾಯಿತು. ಇದಕ್ಕೆ ಪಾದಗಳಿಗೆ ಸಿಂಪಡಿಸುವ ಪುಡಿಯ ಸ್ಪ್ರೇ ಒಳ್ಳೆಯದೆಂಬುದು ಆಟಗಾರರೆಲ್ಲ ಬಲ್ಲ ಉಪಾಯ. ಮುಖಕ್ಕೆ ತೆಳ್ಳಗೆ ಬಿಳಿ ಲೇಪ ಕೊಟ್ಟು ಹೊಡೆದರೆ ಚೆಂಡು ತಾಗಿದಲ್ಲಿ ದುಂಡನೆಯ ಗುರುತು ಉಳಿಯುತ್ತದೆ. ನಾನು ಗಾಳಿಯ ದಿಕ್ಕನ್ನು ಗಮನಿಸದೆ ಸಿಂಪಡಿಸಿದ್ದರಿಂದ ಅರ್ಧ ಲೇಪ ಡ್ರೈವರ್‌ಗೂ ಉಳಿದರ್ಧ ಹಿರಿಯರ ಕಪ್ಪು ಷರಾಯಿಗೂ ಸಂದಿತು. ಅವರು ಸೀನುತ್ತಲೇ ಫಲಿತಾಂಶ ನೋಡಲು ಬಗ್ಗಿದರು. ಗುರುತುಗಳು ಹೀಲ್‌ನಲ್ಲೊಂದಿಷ್ಟು, ಟೋನಲ್ಲೊಂದಿಷ್ಟು, ನೆತ್ತಿಯ ಅಂಚಿಗೆ ಒಂದೆರಡು ಇದ್ದವು. ನಡುವಿನ ಬಿಳುಪು ಮಾತ್ರ ಹಚ್ಚಿದಂತೆಯೇ ಇತ್ತು. ಪುಡಿ ಒರೆಸಿ ನೋಡಿದರೂ ಅದೇ ಕಥೆ: ಅಂಚುಗಳಲ್ಲಿ ವರ್ಷಗಳ ಸವೆತ, ನಡುವೆ ಕಾರ್ಖಾನೆಯಿಂದ ಬಂದ ಹೊಳಪು. "ಇದನ್ನ ಯಾಕಯ್ಯಾ ಹಳೇದು ಅಂತೀಯ? ಮುಖ್ಯವಾದ ಭಾಗ ಇನ್ನೂ ಉಪಯೋಗಿಸೇ ಇಲ್ಲವಲ್ಲ" ಎಂದರು ಹಿರಿಯರು.

ಹೊಡೆತದ ವೇಗವನ್ನೂ ದಾರಿಯನ್ನೂ ಅಳೆಯುವ ಲಾಂಚ್ ಮಾನಿಟರ್ ಇರುವ ಅಂಗಡಿಗೆ ಹೋಗಿ ಹಳೆಯದನ್ನೂ ಹೊಸದನ್ನೂ ಹೊಡೆದು ನೋಡುವುದು ಸರಿಯಾದ ಮಾರ್ಗವೆಂದು ತಿಳಿದವರು ಹೇಳುತ್ತಾರೆ, ಸರಿಯೇ. ಮುಖದ ನಡುವೆ ತಗುಲಿದಾಗ ಚೆಂಡಿನ ವೇಗ ಕ್ಲಬ್ ವೇಗದ ಸುಮಾರು ಒಂದೂವರೆ ಪಟ್ಟು ಆಗುತ್ತದೆ: ಕ್ಲಬ್ ಗಂಟೆಗೆ 90 ಮೈಲಿಯಾದರೆ ಚೆಂಡು 135. ಅನುಪಾತ 1.4ಕ್ಕೆ ಇಳಿದರೆ ಚೆಂಡಿನ ವೇಗ 126 ಆಗಿ, ಹದಿನೈದು ಇಪ್ಪತ್ತು ಗಜ ಗಾಳಿಯಲ್ಲೇ ಕರಗುತ್ತದೆ. ಆದರೆ ಪರದೆಯ ಮುಂದೆ ನಿಂತ ಮನುಷ್ಯ ಮೈದಾನದ ಮನುಷ್ಯನಲ್ಲ. ಹೊಸ ಡ್ರೈವರ್ ಕೈಗೆ ಬಂದೊಡನೆ ಬೆನ್ನು ನೆಟ್ಟಗಾಗುತ್ತದೆ, ಸ್ವಿಂಗ್ ನಿಧಾನವಾಗಿ ಸೊಗಸಾಗುತ್ತದೆ. ಹಳೆಯದರ ಸರದಿ ಬಂದಾಗ ನನಗೆ ಗೊತ್ತಿಲ್ಲದಂತೆಯೇ ನಾನು ಅದರ ವಿರುದ್ಧ ಸಾಕ್ಷಿ ಹೇಳತೊಡಗುತ್ತೇನೆ. ಹೊಸದರಿಂದ ಬಿದ್ದ ಕೆಟ್ಟ ಹೊಡೆತವನ್ನು ಮಾರುವ ಯುವಕ "ಇದು ಲೆಕ್ಕಕ್ಕಿಲ್ಲ ಸಾರ್" ಎಂದು ಅಳಿಸುತ್ತಾನೆ, ಹಳೆಯದರಿಂದ ಬಿದ್ದದ್ದನ್ನು ಉಳಿಸುತ್ತಾನೆ. ನನ್ನ ಸಲಹೆ ಕೇಳುವುದಾದರೆ, ಒಂದೇ ಬಗೆಯ ಚೆಂಡಿನಿಂದ, ಎರಡನ್ನೂ ಸರದಿಯಂತೆ, ಸ್ವಲ್ಪ ದಣಿಯುವವರೆಗೂ ಹೊಡೆದು, ಅತ್ಯುತ್ತಮ ಹೊಡೆತಗಳನ್ನು ಮರೆತು ಸರಾಸರಿಯನ್ನೂ ಎಡಬಲದ ಚೆದುರುವಿಕೆಯನ್ನೂ ನೋಡಬೇಕು. ನಾನು ಹಾಗೆ ಮಾಡಿದಾಗ ಹೊಸದರ ಹೊಡೆತಗಳು ಸ್ವಲ್ಪ ಕಡಿಮೆ ಚೆದುರಿದವು. ಹಳೆಯದು ಕಾಡಿಗೆ ಕಳುಹಿಸಿದ್ದನ್ನು ಹೊಸದು ಕಾಡಿನ ಅಂಚಿಗೆ ಕಳುಹಿಸಿತು. ಅಂಚಿಗೆ ತೆರಬೇಕಾದ ಬೆಲೆಯನ್ನು ಕೇಳಿ ನಾನು ಯೋಚಿಸಿ ಬರುತ್ತೇನೆ ಎಂದೆ.

ಕೋಲಿನ ದಂಡವಾದ ಶಾಫ್ಟ್ ಸಡಿಲವಾಗಿದೆ, ವರ್ಷಗಳಾದ ಮೇಲೆ ಅದರ ಬಿಗಿ ಹೋಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಪೆಟ್ಟು ಬೀಳದ ಗ್ರಾಫೈಟ್ ಶಾಫ್ಟ್ ಸಾಮಾನ್ಯ ಬಳಕೆಯಲ್ಲಿ ಹಾಗೆಲ್ಲ ಮೆತ್ತಗಾಗುವುದಿಲ್ಲ. ವಯಸ್ಸಾಗುವುದು ಕೋಲಿನ ಇನ್ನೊಂದು ತುದಿಗೆ. ಸ್ವಿಂಗ್ ವೇಗ ಇಳಿದವರಿಗೆ ಬೇರೆ ಶಾಫ್ಟೂ ಹೆಚ್ಚು ಲಾಫ್ಟೂ (ಮುಖ ಹಿಂದಕ್ಕೆ ವಾಲಿದ ಕೋನ) ಬೇಕಾಗುತ್ತವೆ, ಅಷ್ಟು ನಿಜ. ನಾನು 9 ಡಿಗ್ರಿಯಷ್ಟೇ ಲಾಫ್ಟ್ ಇರುವ ಡ್ರೈವರ್ ಹೊಡೆಯುವವನೆಂಬ ಹೆಮ್ಮೆಯನ್ನು ಚೆಂಡು ಎಂದೂ ಹಂಚಿಕೊಂಡಿರಲಿಲ್ಲ. ಚೀಲದ ತಳದಲ್ಲಿ ಹಳೆಯ ಸ್ಕೋರ್‌ಕಾರ್ಡ್‌ಗಳ ಅಡಿಯಲ್ಲಿ ಕೂತಿದ್ದ ಕೀಲಿಯನ್ನು ಹುಡುಕಿ, ಕತ್ತಿನ ತಿರುಪನ್ನು ಬಿಚ್ಚಿ, ಲಾಫ್ಟ್ ಏರಿಸಿ, ಕೀಲಿ ಟಕ್ಕೆನ್ನುವವರೆಗೂ ಬಿಗಿದೆ. ಲಾಫ್ಟ್ ಏರಿದಾಗ ಮುಖವೂ ಒಂದಿಷ್ಟು ಒಳಕ್ಕೆ ತಿರುಗುವುದರಿಂದ, ಚೆಂಡನ್ನು ಬಲಕ್ಕೆ ಬಾಗಿಸುವ ಸ್ಲೈಸ್ ಕೂಡ ಸ್ವಲ್ಪ ನಾಚಿಕೊಂಡಿತು.

ಗ್ರಿಪ್ ಬದಲಾಯಿಸಿದ್ದು ಅದಕ್ಕಿಂತ ದೊಡ್ಡ ಕಥೆ. ಹಳೆಯ ರಬ್ಬರು ಗಟ್ಟಿಯಾಗಿ ನುಣುಪೇರಿದ್ದರಿಂದ ಕೋಲು ಜಾರದಿರಲೆಂದು ನಾನು ಅದನ್ನು ಕತ್ತು ಹಿಸುಕುವಂತೆ ಹಿಡಿಯುತ್ತಿದ್ದೆ. ಮನೆಯಲ್ಲೇ ಹೊಸದನ್ನು ಹಾಕಲು ಕೂತೆ. ಶಾಫ್ಟಿಗೆ ಅಂಟುಪಟ್ಟಿ ಸುತ್ತಿ, ದ್ರಾವಣವನ್ನು ಧಾರಾಳವಾಗಿ ಸುರಿಯಬೇಕೆಂದಿದ್ದಲ್ಲಿ ಮಿತವ್ಯಯ ಪಾಲಿಸಿದ್ದರಿಂದ, ಗ್ರಿಪ್ ಅರ್ಧ ದಾರಿಗೆ ಬಂದು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ ಎಂದು ನಿಂತಿತು. ಕೋಲನ್ನು ಬಾಗಿಲಿಗೆ ಒತ್ತಿ ನಾನು ತಳ್ಳುವುದನ್ನೂ, ಬಾಗಿಲು ತೆರೆದುಕೊಂಡು ನಾವಿಬ್ಬರೂ ಹೊರಗೆ ಹೋಗುವುದನ್ನೂ ಮನೆಯವರು ನಿಂತು ನೋಡಿದರು. ಕೊನೆಗೆ ಆ ಹೊಸ ಗ್ರಿಪ್ಪನ್ನು ಚಾಕುವಿನಿಂದ ಸೀಳಿ ತೆಗೆದು, ಇನ್ನೊಂದನ್ನು ಕೆಲಸ ಬಲ್ಲವರ ಕೈಲಿ ಹಾಕಿಸಿದೆ. ಎರಡು ಗ್ರಿಪ್‌ಗಳ ಬೆಲೆ ಸೇರಿದರೂ ಹೊಸ ಡ್ರೈವರ್‌ನ ಬೆಲೆಯ ಹತ್ತಿರವೂ ಸುಳಿಯಲಿಲ್ಲ. ಮೊದಲ ಬಾರಿಗೆ ಕೈ ಸಡಿಲ ಬಿಟ್ಟು ಬೀಸಿದಾಗ ಚೆಂಡು ಎಷ್ಟು ನೇರವಾಗಿ ಹೋಯಿತೆಂದರೆ, ಅಭ್ಯಾಸಬಲದಿಂದ ಎಲ್ಲರೂ ಬಲಗಡೆಯ ಮರಗಳತ್ತ ನೋಡುತ್ತಿದ್ದುದರಿಂದ ಅದನ್ನು ಹುಡುಕುವುದೇ ಕಷ್ಟವಾಯಿತು.

ಹೀಗೆ ಬಿರುಕು ಬಿಡುವ ತನಕ ಹಳೆಯದೇ ಇರಲಿ ಎಂದು ತೀರ್ಮಾನಿಸಿದ್ದೆ. ಆದರೆ ಬಿರುಕು ಆಟದ ನಡುವೆಯೇ ಬಿಟ್ಟರೆ? ನಿಯಮಪುಸ್ತಕ ತೆಗೆದು ನೋಡಿದೆ. 2023ರ ನಿಯಮಗಳ ಪ್ರಕಾರ, ಆಟಗಾರ ಸಿಟ್ಟಿನಿಂದ ಮರಕ್ಕೋ ನೆಲಕ್ಕೋ ಅಪ್ಪಳಿಸಿ ಕೆಡಿಸಿದ್ದಲ್ಲದಿದ್ದರೆ, ಹಾನಿಯಾದ ಕ್ಲಬ್ಬಿಗೆ ಬದಲಾಗಿ ಬೇರೊಂದನ್ನು ತೆಗೆದುಕೊಳ್ಳಬಹುದು. ಆದರೆ ಆಟವನ್ನು ಅಕಾರಣವಾಗಿ ತಡ ಮಾಡುವಂತಿಲ್ಲ, ಮೈದಾನದಲ್ಲಿ ಆಡುತ್ತಿರುವ ಇನ್ನೊಬ್ಬರಿಂದ ಎರವಲು ಪಡೆಯುವಂತಿಲ್ಲ. ಅಂದರೆ ಹಳೆಯ ಡ್ರೈವರ್ ಇಟ್ಟುಕೊಳ್ಳುವ ವಿವೇಕಿಯ ಬಳಿ, ಮುನ್ನೆಚ್ಚರಿಕೆಗಾಗಿ, ಹತ್ತಿರದಲ್ಲೇ ನಿಲ್ಲಿಸಿದ ಕಾರಿನಲ್ಲಿ, ಹೊಸದೊಂದು ಡ್ರೈವರ್ ಸಿದ್ಧವಾಗಿರಲೇಬೇಕು. ಈ ತರ್ಕವನ್ನು ಮನೆಯಲ್ಲಿ ಮಂಡಿಸಿ, ಅಂಗಡಿಗೆ ಹೋಗಿ ಬಂದು, ಹಿರಿಯರಿಗೂ ವಿವರಿಸಿದೆ. ಅವರು ತಲೆದೂಗಿ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿಯಪ್ಪಾ, ಈಗ ಕಾರಿನಲ್ಲಿರೋದು ಯಾವುದು, ಚೀಲದಲ್ಲಿರೋದು ಯಾವುದು?" ಎಂದರು.