40 ಎಂಎಂ ಟೈರಿಗೆ 40 ಎಂಎಂ ಜಲ್ಲಿ

ನಮ್ಮ ಎದುರು ಮನೆಯ ಹುಡುಗ ಹೊಸ ಸೈಕಲ್ ತಂದಿದ್ದಾನೆ. ಹುಡುಗ ಅಂದರೆ ಮೂವತ್ತೆಂಟು ವರ್ಷ, ಎರಡು ಮಕ್ಕಳ ತಂದೆ, ಆದರೆ ಆ ಸೈಕಲ್ ಪಕ್ಕ ನಿಂತಾಗ ಹುಡುಗನೇ. ಬೆಲೆ ಕೇಳಿದೆ. ಹೇಳಿದ. ನನ್ನ ಮೊದಲ ಸ್ಕೂಟರ್, ಎರಡನೇ ಸ್ಕೂಟರ್, ಮಗಳ ಮೊದಲ ವರ್ಷದ ಕಾಲೇಜು ಫೀಸು, ಮೂರೂ ಸೇರಿಸಿದರೂ ಸ್ವಲ್ಪ ಕಮ್ಮಿ ಬೀಳುತ್ತದೆ.

"ಇದು ಗ್ರಾವೆಲ್ ಬೈಕ್, ಅಂಕಲ್."

"ಗ್ರಾವೆಲ್ ಅಂದ್ರೆ ಜಲ್ಲಿ ತಾನೆ?"

"ಹೂಂ. ಟಾರ್ ರೋಡಿಗೆ ಅಲ್ಲ, ಜಲ್ಲಿ ದಾರಿಗೆ ಅಂತಾನೇ ಮಾಡಿರೋದು. ಟೈರ್ ನೋಡಿ, 40 ಎಂಎಂ."

ನಾನು ಬೀದಿ ಕಡೆ ನೋಡಿದೆ. ನಮ್ಮ ಬೀದಿಯನ್ನು ಒಳಚರಂಡಿ ಪೈಪಿಗೆ ಅಂತ ಅಗೆದರು, ಮುಚ್ಚಿದರು. ಕುಡಿಯುವ ನೀರಿನ ಪೈಪಿಗೆ ಅಂತ ಅಗೆದರು, ಮುಚ್ಚಿದರು. ಕೇಬಲ್‌ನವರು ಯಾರನ್ನೂ ಕೇಳದೆ ಅಗೆದರು, ಮುಚ್ಚಲೇ ಇಲ್ಲ. ಕೊನೆಗೊಂದು ದಿನ ಟಿಪ್ಪರ್ ಬಂದು ಜಲ್ಲಿ ಸುರಿದು ಹೋಯಿತು. ಅದೂ 40 ಎಂಎಂ ಜಲ್ಲಿ. ಎಂಟು ತಿಂಗಳಾಯಿತು. ಇಷ್ಟು ಪಕ್ಕಾ ಅಳತೆ ನಮ್ಮ ಟೈಲರ್ ಕೂಡ ಕೊಟ್ಟಿಲ್ಲ. ಸುಮ್ನೆ ಇಷ್ಟು ದಿನ ಪಾಲಿಕೆಯವರನ್ನು ಬೈದುಬಿಟ್ಟೆನಲ್ಲ ಎಂದು ಬೇಜಾರಾಯಿತು. ಪಾಪ, ಅವರು ಅಂತರರಾಷ್ಟ್ರೀಯ ಮಟ್ಟದ ಸೈಕಲ್ ದಾರಿ ಮಾಡುತ್ತಿದ್ದಾರೆ, ನಾನು ರಸ್ತೆ ಎಲ್ಲಿ ಎಂದು ಕೇಳುತ್ತಿದ್ದೇನೆ.

"ಇಲ್ಲೇ ಓಡಿಸಬಹುದಲ್ಲಪ್ಪ" ಅಂದೆ.

ಅವನು ನಕ್ಕ. "ಟ್ರಾಫಿಕ್ ಇರಬಾರದು ಅಂಕಲ್. ಪಕ್ಕದಲ್ಲಿ ಕೆರೆ ಇರಬೇಕು, ಆ ಕಡೆ ಬೆಟ್ಟ ಕಾಣಬೇಕು. ಅದೊಂಥರಾ ಬೇರೇನೇ."

ಆಮೇಲೆ ಮೊಬೈಲಿನಲ್ಲಿ ತೋರಿಸಿದ. ನ್ಯೂಜಿಲೆಂಡಿನ ಒಟಾಗೋ ಎಂಬ ಕಡೆ 1990ರಲ್ಲಿ ಒಂದು ರೈಲು ಮಾರ್ಗ ನಿಂತು ಹೋಯಿತಂತೆ. ಹಳಿ ಕಿತ್ತು, ಜಲ್ಲಿ ಹರಡಿ, 2000ದಲ್ಲಿ ಅದನ್ನೇ 152 ಕಿಲೋಮೀಟರಿನ ಸೈಕಲ್ ದಾರಿ ಮಾಡಿದರು. ಒಂದು ಕಾರಿಲ್ಲ. ಬರೀ ಗುಡ್ಡ, ಹುಲ್ಲು, ಕುರಿ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಕೆರೆ ಸೀಮೆಯಲ್ಲಿ ಕೆಸ್ವಿಕ್‌ನಿಂದ ಥ್ರೆಲ್‌ಕೆಲ್ಡ್‌ಗೆ ಇಂಥದ್ದೇ ಇನ್ನೊಂದು, ಐದೇ ಕಿಲೋಮೀಟರ್. 2015ರ ಡಿಸೆಂಬರಿನ ಬಿರುಗಾಳಿ ಮಳೆಗೆ ಅದರ ಎರಡು ಸೇತುವೆಗಳು ಕೊಚ್ಚಿ ಹೋದವು. ಮತ್ತೆ ಕಟ್ಟಿ ಜನರಿಗೆ ಬಿಟ್ಟಿದ್ದು 2020ರ ಡಿಸೆಂಬರಿನಲ್ಲಿ. ಐದು ವರ್ಷ! ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮ ಬೆಂಗಳೂರಿನ ಈಜಿಪುರ ಫ್ಲೈಓವರ್ ಎರಡೂವರೆ ಕಿಲೋಮೀಟರ್, ಶುರುವಾಗಿದ್ದು 2017ರಲ್ಲಿ, ಅದರ ಗಡುವುಗಳನ್ನು ನೆನಪಿಡುವ ಕೆಲಸ ನಾನು ಬಿಟ್ಟು ಬಹಳ ದಿನವಾಯಿತು. ಆದರೆ ಅವರಿಗೆ ಬಿರುಗಾಳಿ ಬೇಕಾಯಿತು ನೋಡಿ. ನಾವು ಗಾಳಿಯ ಸಹಾಯ ಇಲ್ಲದೆ ಮಾಡುತ್ತೇವೆ.

ಇನ್ನು ಟ್ರಾಫಿಕ್ ಇರಬಾರದು ಅನ್ನುವುದು. ಜಲ್ಲಿ ಬಿದ್ದ ಮೇಲೆ ನಮ್ಮ ಬೀದಿಗೆ ಕ್ಯಾಬ್ ಬರುವುದಿಲ್ಲ. ಆಟೋ ಬರುವುದಿಲ್ಲ. ಗ್ಯಾಸ್ ಸಿಲಿಂಡರಿನ ಗಾಡಿ ಮೂಲೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ, ನಾವೇ ಹೋಗಿ ಉರುಳಿಸಿಕೊಂಡು ಬರಬೇಕು. ಟ್ರಾಫಿಕ್ ಇಲ್ಲದ ಜಲ್ಲಿ ದಾರಿ ಅಂದರೆ ಇದೇ ಅಲ್ವಾ?

ಕೆರೆ ಬೇಕೇ? ಒಳ್ಳೆಯ ರೂಟ್ ನಾನೇ ಹೇಳುತ್ತೇನೆ, ಬರೆದುಕೊಳ್ಳಿ. ಬೆಳಿಗ್ಗೆ ಧರ್ಮಾಂಬುಧಿ ಕೆರೆಯಿಂದ ಹೊರಡಿ, ಅಂದರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಅಲ್ಲಿಂದ ಸಂಪಂಗಿ ಕೆರೆ, ಅಂದರೆ ಕಂಠೀರವ ಸ್ಟೇಡಿಯಂ. ಮುಂದೆ ಶೂಲೆ ಕೆರೆ, ಈಗ ಅಶೋಕನಗರದ ಫುಟ್‌ಬಾಲ್ ಮೈದಾನ. ಹಾಗೇ ಪೂರ್ವಕ್ಕೆ ಹೋದರೆ ಚಲ್ಲಘಟ್ಟ ಕೆರೆ, ಅಲ್ಲಿ ಗಾಲ್ಫ್ ಆಡುತ್ತಾರೆ. ಇಡೀ ದಾರಿ ಕೆರೆ ದಂಡೆಯಲ್ಲೇ, ಕಾಲು ಮಾತ್ರ ಒದ್ದೆಯಾಗುವುದಿಲ್ಲ. ನೀರಿರುವ ಕೆರೆಯೇ ಆಗಬೇಕು ಎಂದು ಹಟ ಮಾಡುವವರು ಹಾಗೇ ಮುಂದೆ ಬೆಳ್ಳಂದೂರಿಗೆ ಹೋಗಬಹುದು. ಬೇರೆ ದೇಶದ ಕೆರೆಯಲ್ಲಿ ಅಬ್ಬಬ್ಬಾ ಅಂದರೆ ಬಾತುಕೋಳಿ. ನಮ್ಮ ಕೆರೆ ನೊರೆ ಉಕ್ಕಿಸಿ ರಸ್ತೆಗೆ ಕಳಿಸಿದೆ, 2018ರ ಜನವರಿಯಲ್ಲಿ ಹೊತ್ತಿಕೊಂಡು ಉರಿದಿದೆ, ಅದನ್ನು ಆರಿಸಲು ಸೈನಿಕರು ಬಂದಿದ್ದಾರೆ. ಕೆರೆಯ ಬೆಂಕಿಯನ್ನು ಆರಿಸಲು ನೀರು ಹೊರಗಿನಿಂದ ತಂದ ಊರು ನಮ್ಮದು.

ಸೈಕಲ್ ಅಂದ ಕೂಡಲೇ ಒಂದು ನೆನಪು. ನಾವು ಕಲಿತಿದ್ದು ಬಾಡಿಗೆ ಸೈಕಲ್ಲಿನಲ್ಲಿ, ಗಂಟೆ ಲೆಕ್ಕ. ಸೀಟು ಎಟುಕುತ್ತಿರಲಿಲ್ಲ, ಒಳಪೆಡ್ಲು ಹೊಡೆಯುತ್ತಿದ್ದೆವು. ನಾವು ವಾಪಸ್ ಕೊಟ್ಟಾಗ ಅಂಗಡಿಯವನು ಚೈನ್ ಕವರ್ ಬಗ್ಗಿದೆಯೋ ಎಂದು ವೈದ್ಯರ ಹಾಗೆ ಮುಟ್ಟಿ ನೋಡುತ್ತಿದ್ದ. ಸಂಜೆ ಲೈಟ್ ಇಲ್ಲದೆ ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಡಬಲ್ ರೈಡ್ ಹೋದರೂ ಅಷ್ಟೇ. ಆಗ ಬೇಜಾರಾಗುತ್ತಿತ್ತು. ಈಗ ಅನ್ನಿಸುತ್ತದೆ, ಗಾಳಿ ಬಿಡುವುದಕ್ಕಾದರೂ ಸರ್ಕಾರದವರು ಸೈಕಲ್ ಕಡೆ ತಿರುಗಿ ನೋಡುತ್ತಿದ್ದರಲ್ಲ.

ಆಮೇಲೂ ನೋಡಿದ್ದಾರೆ, ಇಲ್ಲ ಎನ್ನಬಾರದು. ಜಯನಗರದಲ್ಲಿ ಸೈಕಲ್ ಪಥ ಮಾಡಿದರು, ಕಾರು ನಿಲ್ಲಿಸಲು ಬಹಳ ಅನುಕೂಲವಾಯಿತು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಗೂಟ ನೆಟ್ಟು ಸೈಕಲ್ಲಿಗೆ ಅಂತಲೇ ಜಾಗ ಬಿಟ್ಟರು. ಗೂಟಗಳ ನಡುವೆ ಬೈಕು ನುಗ್ಗಿತು, ಬೈಕಿನ ಹಿಂದೆ ಆಟೋ ನುಗ್ಗಿತು, ಆಮೇಲೆ ಗೂಟಗಳೇ ಬೇಸತ್ತು ಒಂದೊಂದಾಗಿ ಮಲಗಿದವು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಬೇಕಂತೆ, ಸುಮಾರು 17 ಕಿಲೋಮೀಟರ್. ಅದರೊಳಗೆ ಸ್ಕೂಟರಿಗೇ ಪ್ರವೇಶ ಇಲ್ಲವಂತೆ. ಸೈಕಲ್ ಕೇಳಿದರೆ ನಕ್ಕುಬಿಡುತ್ತಾರೆ.

ನಮ್ಮ ಎದುರು ಮನೆಯ ಹುಡುಗನಿಗೆ ಇದಾವುದೂ ಲೆಕ್ಕಕ್ಕಿಲ್ಲ. ಅವನ ಪ್ಲಾನ್ ಸರಳ. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿ, ನಂದಿ ಬೆಟ್ಟದ ಕಡೆ 60 ಕಿಲೋಮೀಟರ್ ಕಾರು ಓಡಿಸಿ, ಅಲ್ಲಿ ಟ್ರಾಫಿಕ್ ಇಲ್ಲದ ದಾರಿಯಲ್ಲಿ 30 ಕಿಲೋಮೀಟರ್ ಸೈಕಲ್ ಹೊಡೆದು, ಮತ್ತೆ 60 ಕಿಲೋಮೀಟರ್ ಕಾರು ಓಡಿಸಿ ವಾಪಸ್. ಇದೇ ಐಡಿಯಾ ಊರಿನ ಅರ್ಧ ಜನಕ್ಕೆ ಬಂದಿರುವುದರಿಂದ ಭಾನುವಾರ ಬೆಳಗಾಗುವ ಮುಂಚೆಯೇ ಬೆಟ್ಟದ ಬುಡದಲ್ಲಿ ಕಾರಿನ ಸಾಲು ನಿಂತಿರುತ್ತದೆ. ಟ್ರಾಫಿಕ್ ಇಲ್ಲದ ಜಾಗಕ್ಕೆ ಹೋಗುವ ಟ್ರಾಫಿಕ್.

ನಗುವುದು ಇಲ್ಲಿಗೆ ಸಾಕು. ಆ ಕಡೆ ಹೋದಾಗ ಬೆಟ್ಟಗಳನ್ನು ಸರಿಯಾಗಿ ನೋಡಿದ್ದೀರಾ? ನಂದಿ 1,478 ಮೀಟರ್ ಎತ್ತರ, ಅದು ಹಾಗೇ ಇದೆ, ಅದಕ್ಕೆ ಟಿಕೆಟ್ ಇದೆ. ಸುತ್ತ ಇರುವ ಹೆಸರಿಲ್ಲದ ಗುಡ್ಡಗಳನ್ನು ನೋಡಿ. ಕೇಕ್ ಕತ್ತರಿಸಿದ ಹಾಗೆ ಒಂದು ಪಕ್ಕ ಇಲ್ಲ. ಕೆಳಗೆ ಕ್ರಷರ್, ಮೇಲೆ ಬಿಳಿ ಧೂಳು, ರಾಗಿ ಹೊಲದ ಮೇಲೂ ಅದೇ ಧೂಳು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವೇಲಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಮಗೆ ಎರಡು ದಿನ ನೆನಪಿತ್ತು. ಅಲ್ಲಿ ಒಡೆದ ಕಲ್ಲೇ ನಮ್ಮ ಫ್ಲೈಓವರ್, ನಮ್ಮ ಅಪಾರ್ಟ್‌ಮೆಂಟ್, ನಮ್ಮ ಬೀದಿಯಲ್ಲಿ ಎಂಟು ತಿಂಗಳಿಂದ ಬಿದ್ದಿರುವ ರಾಶಿ. ಆ ನ್ಯೂಜಿಲೆಂಡ್, ಇಂಗ್ಲೆಂಡಿನವರು ಬೆಟ್ಟಕ್ಕೂ ಕೆರೆಗೂ ನಡುವೆ ಒಂದಿಷ್ಟು ಜಲ್ಲಿ ಹರಡಿ ದಾರಿ ಮಾಡಿಕೊಂಡರು. ನಾವು ಬೆಟ್ಟವನ್ನೇ ಜಲ್ಲಿ ಮಾಡಿ ತಂದು ಕೆರೆಗೆ ಸುರಿದೆವು. ಇಷ್ಟೆಲ್ಲ ಮಾಡಿಯೂ ಒಂದು ನೆಟ್ಟಗಿನ ರಸ್ತೆ ಆಗಲಿಲ್ಲ. ನಮ್ಮ ಪೇಪರ್ ಹಾಕುವ ಹುಡುಗ ದಿನಾ ಬೆಳಿಗ್ಗೆ ಮೂಲೆಯಲ್ಲಿ ಸೈಕಲ್ ಇಳಿದು, ಕ್ಯಾರಿಯರ್ ತುಂಬ ಕಟ್ಟು ಇಟ್ಟುಕೊಂಡು, ಜಲ್ಲಿಯ ಮೇಲೆ ತಳ್ಳಿಕೊಂಡು ಬರುತ್ತಾನೆ. ಮಳೆ ಬಂದ ದಿನ ಒಮ್ಮೆ ಬಿದ್ದ. ಮೊಣಕೈ ಕಿತ್ತು ಹೋಗಿತ್ತು. ಅವನ ಸೈಕಲ್ಲಿಗೆ ಬ್ರೇಕ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, 40 ಎಂಎಂ ಟೈರ್ ಅಂತೂ ಇಲ್ಲ. ಪಾಲಿಕೆ ಕಚೇರಿಗೆ ಫೋನ್ ಮಾಡಿದರೆ "ಜಲ್ಲಿ ಸೆಟ್ ಆಗ್ಬೇಕು ಸಾರ್, ಸ್ವಲ್ಪ ಟೈಮ್ ಕೊಡಿ" ಅಂದರು.

ಮೊನ್ನೆ ಭಾನುವಾರ ನಾಲ್ಕೂಮುಕ್ಕಾಲಿಗೆ ಬೀದಿಯಲ್ಲಿ ಒಂದೇ ಸಮ ಹಾರ್ನ್. ಎದ್ದು ಬಾಲ್ಕನಿಗೆ ಬಂದೆ. ಎದುರು ಮನೆಯವನ ಕಾರು ಹೊರಟಿದೆ, ಹಿಂದೆ ಸೈಕಲ್ ಕಟ್ಟಿದೆ. ಎದುರಿನಿಂದ ಟಿಪ್ಪರ್ ಬಂದಿದೆ, ತುಂಬ ಹೊಸ ಜಲ್ಲಿ. ಇವನು ಬೆಟ್ಟದ ಕಡೆ ಹೊರಟಿದ್ದಾನೆ, ಬೆಟ್ಟ ಇವನ ಕಡೆ ಹೊರಟು ಬಂದಿದೆ. ಇಬ್ಬರೂ ರಿವರ್ಸ್ ತೆಗೆದುಕೊಳ್ಳಲು ತಯಾರಿಲ್ಲ.

ಕೊನೆಗೆ ಡ್ರೈವರ್ ತಲೆ ಹೊರಗೆ ಹಾಕಿದ. "ಸಾರ್, ಸೈಕಲ್ ಇದೆಯಲ್ಲ, ಅದರಲ್ಲೇ ಹೋಗಬಾರದಾ?"

ನಮ್ಮ ಹುಡುಗನಿಗೆ ಸಿಟ್ಟು ಬಂತು. ಹೆಲ್ಮೆಟ್ ಹಾಕಿಕೊಂಡೇ ಕಾರಿನಿಂದ ಇಳಿದ.

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಈ ಜಲ್ಲಿ ಮೇಲೆ ಯಾರಾದರೂ ಸೈಕಲ್ ಓಡಿಸ್ತಾರಾ?"