ಇಸ್ಕೊ ಮೊರೆನೊ ಒಂದೇ ಏಟಿಗೆ ಮೇಯರ್ ಆದರೇ? ಸತ್ಯಾಂಶ ಇಲ್ಲಿದೆ

'ಚಿಂದಿ ಆಯುತ್ತಿದ್ದ ಹುಡುಗ ನಟನಾದ, ಆ ಹೆಸರಲ್ಲೇ ನೇರವಾಗಿ ಮನಿಲಾದ ಮೇಯರ್ ಆದ' ಅನ್ನುವ ಮಾತು ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಮೊದಲರ್ಧ ನಿಜ. ಇಸ್ಕೊ ಮೊರೆನೊ ಹುಟ್ಟಿದ್ದು 1974ರಲ್ಲಿ, ಫಿಲಿಪೀನ್ಸ್ ರಾಜಧಾನಿಯ ಟೊಂಡೊದಲ್ಲಿ. ಜನ ಕಿಕ್ಕಿರಿದ, ಬಡವರೇ ಜಾಸ್ತಿ ಇರುವ ಜಾಗ. ಹಳೇ ಪೇಪರ್, ಬಾಟಲಿ ಆಯ್ದು ಮಾರುತ್ತಿದ್ದರು. 'ಪಗ್‌ಪಗ್' ತಿಂದು ಬೆಳೆದರು. ಹೋಟೆಲಿನವರು ಎಸೆದ ಕೋಳಿ ತುಂಡುಗಳನ್ನು ಹೆಕ್ಕಿ, ಕೊಡವಿ, ತೊಳೆದು, ಮತ್ತೆ ಎಣ್ಣೆಯಲ್ಲಿ ಕರಿದರೆ ಅದೇ ಪಗ್‌ಪಗ್. ಆ ಪದದ ಅರ್ಥವೇ ಕೊಡವುವುದು.

ತಪ್ಪಿರುವುದು 'ನೇರವಾಗಿ' ಅನ್ನುವಲ್ಲಿ. 1998ರಲ್ಲಿ ಅವರು ಗೆದ್ದಿದ್ದು ನಗರ ಕೌನ್ಸಿಲ್‌ನ ಒಂದು ಸೀಟು, ಅಷ್ಟೇ. ಮೂರು ಅವಧಿ ಅಲ್ಲೇ ಕಳೆದರು. 2007ರಿಂದ 9 ವರ್ಷ ಉಪಮೇಯರ್. 2016ರಲ್ಲಿ ಸೆನೆಟ್‌ಗೆ ನಿಂತು ಸೋತರು. ಮೇಯರ್ ಆಗಿದ್ದು 2019ರಲ್ಲಿ. ಅಂದರೆ 21 ವರ್ಷ! ಅವತ್ತು ಅವರು ಸೋಲಿಸಿದ್ದು ಹಾಲಿ ಮೇಯರ್ ಜೋಸೆಫ್ ಎಸ್ಟ್ರಾಡಾ ಅವರನ್ನು. ಅವರೂ ನಟರೇ, ದೇಶದ ಅಧ್ಯಕ್ಷರೂ ಆಗಿದ್ದವರು. ಸಿನಿಮಾ ಹೆಸರೊಂದೇ ಸಾಕಿದ್ದರೆ ಎಸ್ಟ್ರಾಡಾ ಗೆಲ್ಲಬೇಕಿತ್ತು, ಅಲ್ವಾ? ಇಷ್ಟು ವರ್ಷದ ಓಡಾಟವನ್ನು ಒಂದು ಫಾರ್ವರ್ಡ್ ಸುಮ್ನೆ ಅಳಿಸಿಹಾಕುವುದು ನೋಡಿದರೆ ಬೇಜಾರಾಗುತ್ತದೆ. 2022ರಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಇಸ್ಕೊ, 2025ರಲ್ಲಿ ಮತ್ತೆ ಮನಿಲಾದ ಮೇಯರ್ ಆದರು.