ಶಟರ್‌ಗೆ ಬಿಲ್ ಎಲ್ಲಿ?

"ಇದು ಎಲ್ಲದಕ್ಕೂ ಮ್ಯಾಚ್ ಆಗುತ್ತೆ ಮೇಡಂ."

ಕಲ್ಲಿನ ಅಂಗಡಿಯವರು ಈ ಮಾತನ್ನು ಯಾವ ಧೈರ್ಯದ ಮೇಲೆ ಹೇಳುತ್ತಾರೋ! ನಮ್ಮ ಬಾತ್‌ರೂಮ್ ಕಪಾಟಿನ ಬಣ್ಣ ಯಾವುದು ಅಂತ ಕೇಳಿಲ್ಲ. ನೆಲಕ್ಕೆ ಏನು ಹಾಕಿದೆ ಅಂತಲೂ ಕೇಳಿಲ್ಲ. ಅಂಗೈಯಗಲದ ಸ್ಯಾಂಪಲ್ ಒಂದನ್ನು ನನ್ನ ಮುಖದೆದುರು ಎತ್ತಿ ಹಿಡಿದು ತೀರ್ಪು ಕೊಟ್ಟೇಬಿಟ್ಟರು. ಅಲ್ಲ ಸ್ವಾಮಿ, ಕೌಂಟರ್ ಟಾಪ್ ಮಲಗಿರುವ ವಸ್ತು, ಸೊಂಟದ ಎತ್ತರದಲ್ಲಿ. ಅದನ್ನು ಮುಖದ ಮುಂದೆ ನಿಲ್ಲಿಸಿ ನೋಡಿದರೆ ಏನು ಗೊತ್ತಾಗಬೇಕು?

ನಮಗೆ ಬೇಕಿದ್ದದ್ದು ವಾಶ್ ಬೇಸಿನ್ ಕೂರಿಸುವ ಒಂದು ಪುಟ್ಟ ಕೌಂಟರ್ ಅಷ್ಟೇ. ಹಳೇ ಲ್ಯಾಮಿನೇಟ್ ಹಲಗೆ ನೀರು ಕುಡಿದೂ ಕುಡಿದೂ ನಲ್ಲಿಯ ಬುಡದಲ್ಲಿ ಉಬ್ಬಿತ್ತು. ಕೆಳಗಿನ ಕಪಾಟು ಗಟ್ಟಿಮುಟ್ಟಾಗಿದೆ. ಟೈಲ್ಸ್ ಒಂದೂ ಬಿರುಕು ಬಿಟ್ಟಿಲ್ಲ. ಮೇಲಿನದೊಂದು ಬದಲಾಯಿಸಿದರೆ ಆಯ್ತಲ್ಲ ಅಂತ ಹೊರಟೆವು. ಹೊಸ ಮನೆ ಕಟ್ಟಿಸುವವರು ಮೂರನ್ನೂ ಒಟ್ಟಿಗೇ ಆರಿಸುತ್ತಾರೆ, ಪುಣ್ಯವಂತರು. ನಮ್ಮದು ಹಾಗಲ್ಲ. ಮೇಲೆ ಕೂರುವುದು ಜೇನುಬಣ್ಣದ ಕಪಾಟಿಗೂ ಒಪ್ಪಬೇಕು, ಚುಕ್ಕೆ ಚುಕ್ಕೆಯ ಬೂದು ನೆಲಕ್ಕೂ ಒಪ್ಪಬೇಕು.

ಬೂದು ಅಂದರೆ ಬೂದು ಅಂತ ನೆಮ್ಮದಿಯಾಗಿರುವವರು ಅಂಗಡಿಗೆ ಹೋಗಬೇಡಿ. ಒಂದು ಬೂದುವಿನೊಳಗೆ ನೀಲಿ ಇರುತ್ತದೆ, ಇನ್ನೊಂದರೊಳಗೆ ಹಸಿರು, ಮತ್ತೊಂದರೊಳಗೆ ಕಂದು. ಒಂಟಿಯಾಗಿದ್ದಾಗ ಎಲ್ಲವೂ ಸಾಧು. ಪಕ್ಕಪಕ್ಕ ಇಟ್ಟಾಗ ಜಗಳ ಶುರು. ಬಿಳಿಯೂ ಕಮ್ಮಿಯಿಲ್ಲ. ನೀಲಿ ಬೆರೆತ ಬಿಳಿಯನ್ನು ನಮ್ಮ ಕಪಾಟಿನ ಮೇಲಿಟ್ಟರೆ ಪಾಪದ ಮರ ಕಿತ್ತಳೆಯಾಗಿ ಕಾಣುತ್ತದೆ. ಸಾಲದ್ದಕ್ಕೆ ಅಂಗಡಿಯಲ್ಲಿ 6500 ಕೆಲ್ವಿನ್ನಿನ ಬೆಳ್ಳನೆ ದೀಪ, ನಮ್ಮ ಬಾತ್‌ರೂಮಿನಲ್ಲಿ 2700ರ ಹಳದಿ ದೀಪ. ಅಲ್ಲಿ ಅಣ್ಣತಮ್ಮಂದಿರಾಗಿದ್ದ ಬಣ್ಣಗಳು ಮನೆಗೆ ಬಂದರೆ ಮುಖ ತಿರುಗಿಸಿಕೊಳ್ಳುತ್ತವೆ.

"ಫೋಟೋ ತೆಗೆದುಕೊಂಡು ಹೋದ್ರಾಯ್ತು" ಅಂದರು ನಮ್ಮನೆಯವರು. ಫೋನು ತನಗಿಷ್ಟ ಬಂದ ಹಾಗೆ ಬಣ್ಣ ತಿದ್ದುತ್ತದೆ. ನಮ್ಮ ಕಪಾಟು ಒಂದು ಫೋಟೋದಲ್ಲಿ ಹಳದಿ, ಇನ್ನೊಂದರಲ್ಲಿ ಗುಲಾಬಿ. ಕೊನೆಗೆ ಸ್ಕ್ರೂ ಡ್ರೈವರ್ ತಂದು ಕಪಾಟಿನ ಒಂದು ಶಟರನ್ನೇ, ಅಂದರೆ ಬಾಗಿಲನ್ನೇ, ಬಿಚ್ಚಿಸಿದೆ. ಶಟರ್ ಅವರ ಕಂಕುಳಲ್ಲಿ, ಉಳಿದಿದ್ದ ಟೈಲ್ ನನ್ನ ಚೀಲದಲ್ಲಿ.

ಒಳಗೆ ಹೋಗುವಾಗ ಯಾರೂ ಏನೂ ಕೇಳಲಿಲ್ಲ. ಟೈಲ್ ನೆಲಕ್ಕಿಟ್ಟು, ಶಟರನ್ನು ಗೋಡೆಗೆ ಒರಗಿಸಿದೆವು. ಅಷ್ಟರಲ್ಲಿ ಯಾರೋ ಬಂದು ನಮ್ಮನೆಯವರನ್ನು "ಇದರಲ್ಲಿ ಬೇರೆ ಕಲರ್ ಇದೆಯಾ?" ಅಂತ ಕೇಳಿದರು. ಇವರು ಗಂಭೀರವಾಗಿ "ಇಲ್ಲ, ಇದೊಂದೇ ಪೀಸ್" ಅಂದರು!

ಹೊರಡುವಾಗ ಸೆಕ್ಯೂರಿಟಿಯವನು ಅಡ್ಡ ಬಂದ.

"ಸರ್, ಬಿಲ್?"

"ಇದು ನಮ್ಮನೇದು."

"ಎಲ್ಲರೂ ಹಾಗೇ ಹೇಳ್ತಾರೆ ಸರ್."

ಎಲ್ಲರೂ ಅಂದರೆ ಯಾರು? ದಿನಾ ಎಷ್ಟು ಜನ ಮನೆಯ ಬಾಗಿಲು ಹೊತ್ತುಕೊಂಡು ಇಲ್ಲಿಗೆ ಬರುತ್ತಾರೆ? ನಾನು ಶಟರನ್ನು ತಿರುಗಿಸಿ ಹಿಂಬದಿ ತೋರಿಸಿದೆ. ತುಕ್ಕು ಹಿಡಿದ ಹಿಂಜ್, ಒಣಗಿದ ಟೂತ್‌ಪೇಸ್ಟಿನ ಗೆರೆ, ಮೂಲೆಯಲ್ಲಿ ರೆಕ್ಕೆ ಹರಿದ ಚಿಟ್ಟೆಯ ಸ್ಟಿಕ್ಕರ್. ಆತ ಪಾಸ್‌ಪೋರ್ಟ್ ನೋಡುವ ಅಧಿಕಾರಿಯ ಹಾಗೆ ಒಂದೊಂದನ್ನೂ ಪರಿಶೀಲಿಸಿದ. ಸ್ಟಿಕ್ಕರನ್ನು ಉಗುರಿನಿಂದ ಕೆರೆದೂ ನೋಡಿದ. ಸಮಾಧಾನವಾಗದೆ ಸೇಲ್ಸ್ ಹುಡುಗನನ್ನು ಕರೆಸಿದ. ಹುಡುಗ ಶಟರನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಬಿಡಣ್ಣ, ಇಷ್ಟು ಹಳೇ ಡಿಸೈನ್ ನಾವು ಇಡೋದೇ ಇಲ್ಲ" ಅಂದ. ಸೆಕ್ಯೂರಿಟಿಯವನು ಕನಿಕರದಿಂದ ದಾರಿ ಬಿಟ್ಟ. ಆ ಕನಿಕರವೇ ನನಗೆ ಇನ್ನೂ ಚುಚ್ಚುತ್ತಿದೆ.

ಆ ಚಿಟ್ಟೆ ಅಂಟಿಸಿದಾಗ ಮಗಳು ಬೇಸಿನ್ ಎಟುಕದೆ ಸ್ಟೂಲ್ ಹತ್ತುತ್ತಿದ್ದಳು. ಈಗ ಅದೇ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಬಗ್ಗುತ್ತಾಳೆ. "ಅದನ್ನ ಕಿತ್ತು ಬಿಸಾಕಮ್ಮ" ಅಂತ ಅವಳೇ ಹೇಳುತ್ತಿರುತ್ತಾಳೆ. ನನಗೇ ಮನಸ್ಸು ಬಂದಿಲ್ಲ.

ಕಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ಮಾರ್ಬಲ್ ಮೇಲೆ ನನಗೆ ಆಸೆ ಇತ್ತು. ಆದರೆ ಅದು ಸುಣ್ಣದ ಜಾತಿಯ ಕಲ್ಲು. ಆಸಿಡ್ ಇರುವ ಕ್ಲೀನರ್ ಹನಿ ಬಿದ್ದರೆ ಸಾಕು, ಹೊಳಪು ಹೋಗಿ ಮಂಕಾಗುತ್ತದೆ. ನಮ್ಮ ಮನೆಯಲ್ಲಿ ಕ್ಲೀನರ್ ಎಲ್ಲಿ ಬೀಳಬಾರದೋ ಅಲ್ಲೇ ಬೀಳುವುದು. ಕಪ್ಪು ಗ್ರಾನೈಟ್ ಗಟ್ಟಿ, ನಿಜ. ಆದರೆ ಗಡಸು ನೀರು ಒಣಗಿದ ಬಿಳಿ ಕಲೆಯೆಲ್ಲ ಅದರ ಮೇಲೆ ಎದ್ದು ಕಾಣುತ್ತದೆ. ದಿನಾ ಒರೆಸುವವರು ಯಾರು? ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಹೆಚ್ಚಿನ ಪಾಲು ಪುಡಿ ಮಾಡಿದ ಕಲ್ಲು, ಉಳಿದದ್ದು ಅಂಟು. ನೀರು ಹೀರುವುದಿಲ್ಲ. ಬಿಸಿ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಮಗಳ ಕೂದಲು ನೇರ ಮಾಡುವ ಮೆಷಿನ್ ಇನ್ನು ಎಲ್ಲಿಡುವುದು ಅಂತ ಮನೆಯಲ್ಲಿ ಆಗಲೇ ಮಾತುಕತೆ ನಡೆದಿದೆ.

ನೆಲದಲ್ಲೇ ಬೇಕಾದಷ್ಟು ಚುಕ್ಕೆ ಇರುವುದರಿಂದ ಮೇಲೆ ಗೆರೆಗಿರೆ ಬೇಡ ಅಂತ, ಕಂದು ಛಾಯೆಯ ಒಂದು ಸಪ್ಪೆ ಬಿಳಿ ಕ್ವಾರ್ಟ್ಜ್ ಆರಿಸಿದೆ. ಸ್ಯಾಂಪಲ್ ಮನೆಗೆ ತಂದು, ಕಪಾಟಿನ ಮೇಲೆ ಮಲಗಿಸಿ, ಬೆಳಿಗ್ಗೆ ಕಿಟಕಿಯ ಬೆಳಕಲ್ಲೂ ರಾತ್ರಿ ಹಳದಿ ದೀಪದಲ್ಲೂ ನೋಡಿ ಆಮೇಲೇ ಆರ್ಡರ್ ಕೊಟ್ಟದ್ದು. ನಿನ್ನೆ ಕೂರಿಸಿ ಹೋದರು. ನಮ್ಮನೆಯವರು ಅದರೆದುರು ನಿಂತು ಹಲ್ಲುಜ್ಜಿ, ಮುಖ ತೊಳೆದು, ಒರೆಸಿಕೊಂಡು ಹೊರಗೆ ಬಂದರು.

"ಹೇಗಿದೆ?" ಅಂದೆ.

"ಚೆನ್ನಾಗಿದೆ" ಅಂದರು. ಟವೆಲ್ ಹರವುತ್ತಾ ಕೇಳಿದರು, "ಯಾವಾಗ ಕೂರಿಸ್ತಾರಂತೆ?"